ಹೊರಡುವ ಪ್ರೊಸೆಸರ್, ಉಳಿಯುವ ಹೊಣೆ

ಕಂಪ್ಯೂಟರ್ ಓಡುತ್ತಿರುವಾಗಲೇ ಅದರ ಒಂದು ಪ್ರೊಸೆಸರನ್ನು ಕೆಲಸದಿಂದ ಬಿಡಿಸಬೇಕಾದರೆ ಎರಡು ಬಗೆಯ ಹೊರೆಯನ್ನು ಅದರ ಮೇಲಿಂದ ಇಳಿಸಬೇಕಾಗುತ್ತದೆ. ಮೊದಲನೆಯದು, ಅದು ಓಡಿಸುತ್ತಿರುವ ಪ್ರೋಗ್ರಾಂಗಳು. ಯಾವ ಪ್ರೋಗ್ರಾಂ ಯಾವ ಪ್ರೊಸೆಸರಿನಲ್ಲಿ ಓಡಬೇಕೆಂಬುದು ಆಪರೇಟಿಂಗ್ ಸಿಸ್ಟಂನ ಕೈಯಲ್ಲೇ ಇರುವುದರಿಂದ ಇವನ್ನು ಬೇರೆ ಕಡೆಗೆ ಸಾಗಿಸುವುದು ಅಷ್ಟು ಕಷ್ಟವಲ್ಲ. ಎರಡನೆಯದು ಇಂಟರಪ್ಟ್‌ಗಳು, ಅಂದರೆ ಡಿಸ್ಕ್, ನೆಟ್‌ವರ್ಕ್ ಕಾರ್ಡ್, ಕೀಬೋರ್ಡ್ ಮುಂತಾದ ಸಾಧನಗಳು ತಮ್ಮ ಕೆಲಸ ಮುಗಿದಾಗ ಪ್ರೊಸೆಸರಿಗೆ ಕಳಿಸುವ ಕರೆಗಳು. ಅವು ಯಾವ ಗಳಿಗೆಯಲ್ಲಿ ಬರುತ್ತವೆಂದು ಆಪರೇಟಿಂಗ್ ಸಿಸ್ಟಂಗೂ ಗೊತ್ತಿರುವುದಿಲ್ಲ. ಕಷ್ಟವಿರುವುದು ಇಲ್ಲಿಯೇ. ಕರೆ ಹೊರಟಾಗ ಇದ್ದ ಪ್ರೊಸೆಸರ್ ಕರೆ ತಲುಪುವ ಹೊತ್ತಿಗೆ ಇಲ್ಲವಾದರೆ, ಡಿಸ್ಕಿನ ಉತ್ತರಕ್ಕಾಗಿ ಕಾದು ನಿಂತ ಪ್ರೋಗ್ರಾಂ ಕಾಯುತ್ತಲೇ ಉಳಿಯುತ್ತದೆ. ಒಂದೇ ಒಂದು ಕರೆಯೂ ಕಳೆದುಹೋಗದಂತೆ ಈ ಹೊಣೆಯನ್ನು ದಾಟಿಸುವ ವಿದ್ಯೆಗೆ ಅರ್ಧ ಶತಮಾನದ ಇತಿಹಾಸವಿದೆ. ಕೊನೆಯ ಗಳಿಗೆಯಲ್ಲಿ ನಡೆಯುತ್ತಿದ್ದ ಹಸ್ತಾಂತರವನ್ನು ಮೊದಲೇ ಗೊತ್ತುಮಾಡಿಟ್ಟ ವ್ಯವಸ್ಥೆಯನ್ನಾಗಿ ಮಾಡಿದ್ದೇ ಆ ಇತಿಹಾಸದ ಸಾರ.

ಒಂದೇ ಪ್ರೊಸೆಸರಿನ ಕಾಲ

ಇಂಟರಪ್ಟ್ ಹುಟ್ಟಿದ್ದು 1950ರ ದಶಕದಲ್ಲಿ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ 1954ರಲ್ಲಿ ಕಟ್ಟಿದ ಡೈಸಿಯಾಕ್ ಯಂತ್ರದಲ್ಲಿ ಹೊರಗಿನ ಸಾಧನವೊಂದು ನಡೆಯುತ್ತಿರುವ ಲೆಕ್ಕವನ್ನು ತಡೆದು ತನ್ನ ಕಡೆ ಗಮನ ಸೆಳೆಯುವ ಏರ್ಪಾಡಿತ್ತು. ನೆದರ್‌ಲೆಂಡ್ಸ್‌ನಲ್ಲಿ ಎಡ್ಸ್‌ಖರ್ ಡೈಕ್‌ಸ್ಟ್ರಾ ಎಲೆಕ್ಟ್ರೋಲಾಜಿಕಾ ಎಕ್ಸ್1 ಯಂತ್ರಕ್ಕಾಗಿ ಇಂಟರಪ್ಟ್‌ಗಳನ್ನು ನಿರ್ವಹಿಸುವ ಪ್ರೋಗ್ರಾಂ ಬರೆದು, ಅದನ್ನೇ 1959ರ ತಮ್ಮ ಪಿಎಚ್‌ಡಿ ಪ್ರಬಂಧದ ವಸ್ತುವನ್ನಾಗಿ ಮಾಡಿಕೊಂಡರು. ಇಂಟರಪ್ಟ್ ಯಾವ ಕ್ಷಣದಲ್ಲಾದರೂ ಬರಬಹುದಾದ್ದರಿಂದ ಅದರಿಂದ ಹುಟ್ಟುವ ದೋಷಗಳನ್ನು ಮತ್ತೆ ಬೇಕೆಂದಾಗ ಮರುಕಳಿಸಿ ನೋಡಲಾಗದು ಎಂಬ ಆತಂಕ ಅವರಿಗೆ ಆಗಲೇ ಇತ್ತು. ಪ್ರೊಸೆಸರ್ ಹೊರಹೋಗುವ ಸಂದರ್ಭದಲ್ಲಿ ಈ ಆತಂಕ ಇನ್ನಷ್ಟು ನಿಜವಾಯಿತು.

ಒಂದೇ ಪ್ರೊಸೆಸರ್ ಇದ್ದ ಯಂತ್ರಗಳಲ್ಲಿ ಇಂಟರಪ್ಟ್ ಯಾರಿಗೆ ಸೇರಬೇಕೆಂಬ ಪ್ರಶ್ನೆಯೇ ಇರಲಿಲ್ಲ. ಪ್ರೊಸೆಸರ್ ನಿಂತರೆ ಯಂತ್ರವೇ ನಿಂತಂತೆ. ಎರಡನೆಯ ಪ್ರೊಸೆಸರ್ ಬಂದಾಗಲೇ ಹಂಚಿಕೆಯ ಮಾತೂ ಬಂತು, ಹಸ್ತಾಂತರದ ಮಾತೂ ಬಂತು.

ದೊಡ್ಡ ಯಂತ್ರಗಳಲ್ಲಿ ಮೊದಲ ಪ್ರಯೋಗಗಳು

ಓಡುತ್ತಿರುವ ಯಂತ್ರದಿಂದ ಪ್ರೊಸೆಸರನ್ನು ತೆಗೆಯುವ ವಿಷಯವನ್ನು ಶಾಸ್ತ್ರೀಯವಾಗಿ ಎತ್ತಿಕೊಂಡ ಮೊದಲಿಗರಲ್ಲಿ ರೋಜರ್ ಶೆಲ್ ಒಬ್ಬರು. ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಮಲ್ಟಿಕ್ಸ್ ವ್ಯವಸ್ಥೆಯ ಮೇಲೆ ಕೆಲಸ ಮಾಡಿದ ಅವರ 1971ರ ಪ್ರಬಂಧದ ವಿಷಯವೇ ಇದು: ಬಳಕೆದಾರರ ಕೆಲಸಕ್ಕೆ ತಡೆಯಾಗದಂತೆ ಪ್ರೊಸೆಸರುಗಳನ್ನೂ ಮೆಮೊರಿಯನ್ನೂ ಸೇರಿಸುವುದು, ತೆಗೆಯುವುದು. ಕಂಪ್ಯೂಟರ್ ಸೇವೆ ವಿದ್ಯುತ್ತಿನಂತೆ ಸದಾ ಸಿಗುತ್ತಿರಬೇಕೆಂಬುದು ಮಲ್ಟಿಕ್ಸ್‌ನ ಮೂಲ ಆಶಯ. ದುರಸ್ತಿಗಾಗಿ ಇಡೀ ವ್ಯವಸ್ಥೆಯನ್ನು ನಿಲ್ಲಿಸುವುದು ಆ ಆಶಯಕ್ಕೆ ಒಗ್ಗುತ್ತಿರಲಿಲ್ಲ.

ಐಬಿಎಂನ ಸಿಸ್ಟಂ/370 ಬಹುಪ್ರೊಸೆಸರ್ ಯಂತ್ರಗಳಲ್ಲಿ ತೊಡಕು ಬೇರೆ ರೂಪದಲ್ಲಿತ್ತು. ಸಾಧನಗಳಿಗೆ ದಾರಿಯಾಗಿದ್ದ ಚಾನೆಲ್‌ಗಳ ಒಂದೊಂದು ಗುಂಪು ಒಂದೊಂದು ಪ್ರೊಸೆಸರಿಗೆ ಅಂಟಿಕೊಂಡಿತ್ತು. ಆ ಚಾನೆಲ್‌ಗಳ ಮೂಲಕ ಬರುವ ಇಂಟರಪ್ಟ್ ಆ ಪ್ರೊಸೆಸರಿಗೆ ಮಾತ್ರ ಸೇರುತ್ತಿತ್ತು. ಪ್ರೊಸೆಸರ್ ಹೋದರೆ ಅದರ ಚಾನೆಲ್‌ಗಳೂ ಕೈಬಿಟ್ಟವು. ಕೆಟ್ಟ ಪ್ರೊಸೆಸರಿನ ಚಾನೆಲ್ ಗುಂಪನ್ನು ಇನ್ನೊಂದಕ್ಕೆ ಜೋಡಿಸುವ ಸೌಲಭ್ಯವನ್ನು ಆಮೇಲೆ ಸೇರಿಸಲಾಯಿತು. ಬೇರುಮಟ್ಟದ ಪರಿಹಾರ ಬಂದದ್ದು 1980ರ ದಶಕದ ಆರಂಭದ 370-ಎಕ್ಸ್‌ಎ ವಿನ್ಯಾಸದಲ್ಲಿ. ಅದರಲ್ಲಿ ಚಾನೆಲ್‌ಗಳೆಲ್ಲ ಒಂದು ಸ್ವತಂತ್ರ ಉಪವ್ಯವಸ್ಥೆಯಾದವು. ಸಾಧನದ ಇಂಟರಪ್ಟನ್ನು ಯಾವ ಪ್ರೊಸೆಸರಾದರೂ ಸ್ವೀಕರಿಸಬಹುದಾಯಿತು. ಯಾರಿಗೂ ಸೇರದೆ ಕಾದಿರುವ ಇಂಟರಪ್ಟ್ ಯಾರು ಹೋದರೂ ಅನಾಥವಾಗುವುದಿಲ್ಲ.

ಯುನಿಕ್ಸ್ ಲೋಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ 1997ರಲ್ಲಿ ತಂದ ಎಂಟರ್‌ಪ್ರೈಸ್ 10000 ಯಂತ್ರಕ್ಕೆ 64 ಪ್ರೊಸೆಸರುಗಳವರೆಗೆ ಕೂರಿಸಬಹುದಿತ್ತು. ಓಡುತ್ತಿರುವಾಗಲೇ ಪ್ರೊಸೆಸರ್ ಹಲಗೆಗಳನ್ನು ಬಿಚ್ಚುವ, ಜೋಡಿಸುವ ವ್ಯವಸ್ಥೆ ಅದರಲ್ಲಿತ್ತು. ಸನ್‌ನ ಸೊಲಾರಿಸ್ ಇನ್ನೊಂದು ಸೂಕ್ಷ್ಮವನ್ನೂ ಗುರುತಿಸಿತು. ಅದರ ಪಿಎಸ್‌ಆರ್‌ಎಡಿಎಂ ಆಜ್ಞೆಯಿಂದ ಪ್ರೊಸೆಸರನ್ನು ಪೂರ್ತಿ ಆಫ್‌ಲೈನ್ ಮಾಡಬಹುದಿತ್ತು. ಇಲ್ಲವೇ ಪ್ರೋಗ್ರಾಂ ಓಡಿಸುವ ಕೆಲಸವನ್ನು ಅದಕ್ಕೇ ಬಿಟ್ಟು ಸಾಧನಗಳ ಇಂಟರಪ್ಟ್ ಮಾತ್ರ ಬಾರದಂತೆ ಮಾಡಬಹುದಿತ್ತು. ಪ್ರೋಗ್ರಾಂಗಳ ಹೊರೆ, ಇಂಟರಪ್ಟ್‌ಗಳ ಹೊರೆ ಎರಡೂ ಬೇರೆ ಬೇರೆ ಎಂಬ ತಿಳಿವಳಿಕೆ ಇಲ್ಲಿ ಆಜ್ಞೆಯ ರೂಪವನ್ನೇ ಪಡೆಯಿತು.

ಪಿಸಿಗೆ ಬಂದ ಹಂಚಿಕೆ

1981ರ ಐಬಿಎಂ ಪಿಸಿಯಲ್ಲಿ ಇಂಟರಪ್ಟ್‌ಗಳನ್ನು ನೋಡಿಕೊಳ್ಳುತ್ತಿದ್ದುದು ಇಂಟೆಲ್‌ನ 8259 ಚಿಪ್. ಅದಕ್ಕೆ ಎಂಟು ತಂತಿಗಳು. 1984ರ ಪಿಸಿ/ಎಟಿಯಲ್ಲಿ ಅಂಥ ಎರಡು ಚಿಪ್ಪುಗಳನ್ನು ಸರಪಳಿಯಂತೆ ಜೋಡಿಸಿದಾಗ ಬಳಕೆಗೆ ಸಿಕ್ಕಿದ್ದು ಹದಿನೈದು. ಈ ಚಿಪ್ಪಿಗೆ ಒಂದೇ ಪ್ರೊಸೆಸರಿನ ಪರಿಚಯ. 1990ರ ದಶಕದ ಆರಂಭದಲ್ಲಿ ಇಂಟೆಲ್ ಎಪಿಕ್ ಎಂಬ ಹೊಸ ಏರ್ಪಾಡು ತಂದಿತು. ಪ್ರತಿ ಪ್ರೊಸೆಸರಿಗೂ ತನ್ನದೇ ಒಂದು ಸ್ಥಳೀಯ ಎಪಿಕ್. ಸಾಧನಗಳ ಕಡೆಗೆ ಒಂದು ಐಒ-ಎಪಿಕ್. ಯಾವ ತಂತಿಯ ಕರೆ ಯಾವ ಪ್ರೊಸೆಸರಿಗೆ, ಯಾವ ವೆಕ್ಟರ್ ಸಂಖ್ಯೆಯಲ್ಲಿ (ಪ್ರೊಸೆಸರ್ ಆ ಕರೆಯನ್ನು ಗುರುತಿಸುವ ಸಂಖ್ಯೆ) ತಲುಪಬೇಕೆಂದು ಐಒ-ಎಪಿಕ್‌ನ ಕೋಷ್ಟಕದಲ್ಲಿ ಬರೆಯಬಹುದಾಯಿತು. 1994ರಲ್ಲಿ ಇಂಟೆಲ್ ಬಹುಪ್ರೊಸೆಸರ್ ಯಂತ್ರಗಳ ನಿಯಮಾವಳಿಯನ್ನು ಪ್ರಕಟಿಸಿದ ಮೇಲೆ ಇದು ಸಾಮಾನ್ಯ ಸರ್ವರ್‌ಗಳಿಗೂ ಇಳಿಯಿತು.

ಮುಂದೆ ಪಿಸಿಐ ನಿಯಮಾವಳಿ ತಂತಿಯನ್ನೇ ಬೇಡವೆಂದಿತು. 1998ರ ಪಿಸಿಐ 2.2ರಲ್ಲಿ ಬಂದ ಎಂಎಸ್‌ಐ ವಿಧಾನದಲ್ಲಿ ಸಾಧನವು ಗೊತ್ತಾದ ವಿಳಾಸವೊಂದಕ್ಕೆ ಗೊತ್ತಾದ ಸಂಖ್ಯೆಯೊಂದನ್ನು ಬರೆಯುತ್ತದೆ. ಆ ಬರಹವೇ ಇಂಟರಪ್ಟ್. ವಿಳಾಸದಲ್ಲಿ ಪ್ರೊಸೆಸರಿನ ಗುರುತು, ಸಂಖ್ಯೆಯಲ್ಲಿ ವೆಕ್ಟರ್. ಆಮೇಲೆ ಬಂದ ಎಂಎಸ್‌ಐ-ಎಕ್ಸ್‌ನಲ್ಲಿ ಒಂದು ಸಾಧನಕ್ಕೆ 2048 ಇಂಟರಪ್ಟ್‌ಗಳವರೆಗೆ ಅವಕಾಶ.

ಲಿನಕ್ಸ್ ಕರ್ನಲ್, ಅಂದರೆ ಆ ಆಪರೇಟಿಂಗ್ ಸಿಸ್ಟಂನ ತಿರುಳು, ಬಹುಪ್ರೊಸೆಸರ್ ಯಂತ್ರಗಳನ್ನು ಬೆಂಬಲಿಸಿದ್ದು 1996ರ 2.0 ಆವೃತ್ತಿಯಿಂದ. 2001ರ 2.4 ಆವೃತ್ತಿಯಲ್ಲಿ ಪ್ರತಿ ಇಂಟರಪ್ಟ್‌ಗೂ ಎಸ್‌ಎಂಪಿ ಅಫಿನಿಟಿ ಎಂಬ ಕಡತ ಬಂತು. ಆ ಇಂಟರಪ್ಟನ್ನು ಯಾವ ಯಾವ ಪ್ರೊಸೆಸರುಗಳು ತೆಗೆದುಕೊಳ್ಳಬಹುದೆಂದು ನಿರ್ವಾಹಕರು ಅದರಲ್ಲಿ ನಮೂದಿಸಬಹುದಿತ್ತು. ಯಂತ್ರದ ಹೊರೆಯನ್ನು ನೋಡಿ ಈ ನಮೂದನ್ನು ಆಗಾಗ ತಿದ್ದುವ ಐಆರ್‌ಕ್ಯೂ ಬ್ಯಾಲೆನ್ಸ್ ಎಂಬ ಹಿನ್ನೆಲೆ ಪ್ರೋಗ್ರಾಂ ಕೂಡ ಬಳಕೆಗೆ ಬಂತು. ಆದರೆ ನಮೂದಿಸಿದ ಪ್ರೊಸೆಸರೇ ಇಲ್ಲವಾದರೆ ಏನು ಮಾಡಬೇಕೆಂಬುದು ಇನ್ನೂ ತೀರ್ಮಾನವಾಗಬೇಕಿತ್ತು.

ಒಟ್ಟಾವ ಮತ್ತು ಬೆಂಗಳೂರು

ಲಿನಕ್ಸ್‌ನಲ್ಲಿ ಸಿಪಿಯು ಹಾಟ್‌ಪ್ಲಗ್ ಎಂದು ಹೆಸರಾದ ಈ ಕೆಲಸಕ್ಕೆ ನಾಂದಿ ಹಾಡಿದವರು ಆಸ್ಟ್ರೇಲಿಯಾದ ರಸ್ಟಿ ರಸೆಲ್. 2004ರ ಹೊತ್ತಿಗೆ ಅದು 2.6 ಸರಣಿಯ ಕರ್ನಲ್ಲಿಗೆ ಸೇರತೊಡಗಿತ್ತು. ಅದೇ ವರ್ಷ ಕೆನಡಾದ ಒಟ್ಟಾವದಲ್ಲಿ ನಡೆದ ಲಿನಕ್ಸ್ ಸಿಂಪೋಸಿಯಂನಲ್ಲಿ ಇದರ ಒಳಹೊರಗನ್ನು ವಿವರಿಸುವ ಪ್ರಬಂಧ ಮಂಡನೆಯಾಯಿತು. ಅದರ ಐವರು ಲೇಖಕರಲ್ಲಿ ರಸೆಲ್ ಅವರ ಜೊತೆಗೆ ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಶ್ರೀವತ್ಸ ವಡ್ಡಗಿರಿ ಅವರೂ ಇದ್ದರು. ಬೆಂಗಳೂರಿನ ಆ ಕೇಂದ್ರ ಮುಂದಿನ ವರ್ಷಗಳಲ್ಲೂ ಈ ಕೆಲಸದ ಒಂದು ನೆಲೆಯಾಗಿ ಉಳಿಯಿತು.

ಆಗಿನ ಉದ್ದೇಶ ದೊಡ್ಡ ಯಂತ್ರಗಳದು. ಐಬಿಎಂನ ಪವರ್ ಸರ್ವರ್‌ಗಳಲ್ಲಿ ಒಂದು ವಿಭಾಗದ ಪ್ರೊಸೆಸರನ್ನು ತೆಗೆದು ಇನ್ನೊಂದಕ್ಕೆ ಕೊಡಬೇಕಿತ್ತು. ಇಟೇನಿಯಂ ಯಂತ್ರಗಳಲ್ಲಿ ಕೆಡುವ ಲಕ್ಷಣ ತೋರಿದ ಪ್ರೊಸೆಸರನ್ನು ಹೊರಗಿಡಬೇಕಿತ್ತು. ನಿರ್ವಾಹಕರು ಮಾಡಬೇಕಾದ್ದು ಆ ಪ್ರೊಸೆಸರಿನ ಆನ್‌ಲೈನ್ ಎಂಬ ಕಡತದಲ್ಲಿ ಸೊನ್ನೆ ಬರೆಯುವುದಷ್ಟೇ. ಕರ್ನಲ್ ಒಳಗೆ ನಡೆಯುವುದು ಮಾತ್ರ ದೊಡ್ಡ ಏರ್ಪಾಡು. ಮೊದಲು ಕರ್ನಲ್ಲಿನ ಎಲ್ಲ ವಿಭಾಗಗಳಿಗೂ ಸೂಚನೆ ಹೋಗುತ್ತದೆ. ಆಮೇಲೆ ಸ್ಟಾಪ್ ಮಷೀನ್ ಎಂಬ ವಿಧಾನದಿಂದ ಎಲ್ಲ ಪ್ರೊಸೆಸರುಗಳನ್ನೂ ಇಂಟರಪ್ಟ್ ಮುಚ್ಚಿಸಿ ಒಂದು ಕ್ಷಣ ಸ್ತಬ್ಧವಾಗಿಸಲಾಗುತ್ತದೆ. ಆ ಸ್ತಬ್ಧತೆಯಲ್ಲಿ, ಹೊರಡುವ ಪ್ರೊಸೆಸರ್ ತನ್ನ ಹೆಸರನ್ನು ತಾನೇ ಹಾಜರಿ ಪಟ್ಟಿಯಿಂದ ಅಳಿಸಿ, ತನ್ನ ಇಂಟರಪ್ಟ್‌ಗಳನ್ನು ಬೇರೆಯವರಿಗೆ ಒಪ್ಪಿಸಿ, ಕೊನೆಗೆ ಮತ್ತೆ ಕರೆಯುವವರೆಗೆ ಏಳದ ನಿದ್ರೆಗೆ ಜಾರುತ್ತದೆ.

ಎಲ್ಲರನ್ನೂ ನಿಲ್ಲಿಸುವುದು ಸುರಕ್ಷಿತ ದಾರಿ. ಆದರೆ ತುರ್ತು ಕೆಲಸಗಳಿಗೆ ಅದರಿಂದ ತಡವಾಗುತ್ತದೆ. ಅದನ್ನು ಬಿಟ್ಟೇ ಪ್ರೊಸೆಸರನ್ನು ಹೊರಗೆ ಕಳಿಸುವ ದೀರ್ಘ ಪ್ರಯತ್ನವೊಂದು 2012–13ರಲ್ಲಿ ಬೆಂಗಳೂರಿನಿಂದಲೇ ನಡೆಯಿತು. ಮುಖ್ಯ ಕರ್ನಲ್ಲಿಗೆ ಅದು ಸೇರಲಿಲ್ಲವಾದರೂ, ಹಾಜರಿ ಪಟ್ಟಿಯನ್ನು ನಂಬಿ ಕೂತ ಕೋಡ್ ಎಲ್ಲೆಲ್ಲಿದೆ ಎಂಬುದನ್ನು ಕರ್ನಲ್ಲಿನ ಉದ್ದಗಲಕ್ಕೂ ಹುಡುಕಿ ತೋರಿಸಿತು.

ಒಂದು ಮಿಲಿಸೆಕೆಂಡಿನ ಕಾಯುವಿಕೆ

ಇಂಟರಪ್ಟ್‌ಗಳನ್ನು ಒಪ್ಪಿಸುವ ಕೆಲಸ ಮಾಡುವುದು ಇಂಟೆಲ್ ಬಗೆಯ ಎಕ್ಸ್86 ಪ್ರೊಸೆಸರುಗಳ ಕರ್ನಲ್ಲಿನಲ್ಲಿ ಫಿಕ್ಸಪ್ ಐಆರ್‌ಕ್ಯೂಸ್ ಎಂಬ ಒಂದು ಪುಟ್ಟ ಫಂಕ್ಷನ್. ಅದು ಇಂಟರಪ್ಟ್‌ಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತದೆ. ಒಂದು ಇಂಟರಪ್ಟ್‌ಗೆ ನಮೂದಿಸಿದ ಪ್ರೊಸೆಸರುಗಳಲ್ಲಿ ಹೊರಡುವವನನ್ನು ಬಿಟ್ಟು ಇನ್ನೊಬ್ಬ ಹಾಜರಿದ್ದರೆ ಅವನಿಗೆ ಒಪ್ಪಿಸುತ್ತದೆ. ಯಾರೂ ಉಳಿದಿಲ್ಲದಿದ್ದರೆ ನಿರ್ವಾಹಕರ ನಮೂದನ್ನು ಮೀರಿ, ಹಾಜರಿರುವ ಯಾವುದಾದರೂ ಪ್ರೊಸೆಸರಿಗೆ ವಹಿಸಿ, ಹಾಗೆ ಮೀರಿದ್ದನ್ನು ದಾಖಲೆಯಲ್ಲಿ ಬರೆಯುತ್ತದೆ. ನಮೂದು ಕೆಟ್ಟರೂ ಕರೆ ಕಳೆಯಬಾರದು ಎಂಬುದು ಇಲ್ಲಿನ ನಿಯಮ.

ಇಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ವರ್ಗವಾದ ಅಧಿಕಾರಿ ಚಾರ್ಜ್ ಒಪ್ಪಿಸಿದ ಮೇಲೂ ಹಳೆಯ ವಿಳಾಸಕ್ಕೆ ಹೊರಟಿದ್ದ ಟಪಾಲು ಅವನ ಮೇಜಿಗೇ ಬಂದು ಬೀಳುವಂತೆ, ವಿಳಾಸ ಬದಲಾಗುವ ಮುನ್ನ ಸಾಧನ ಕಳಿಸಿದ ಇಂಟರಪ್ಟ್ ಹಳೆಯ ಪ್ರೊಸೆಸರಿನ ಎಪಿಕ್‌ಗೇ ಬಂದು ತಲುಪಬಹುದು. ಸಾಧನವು ತನ್ನ ತಂತಿಯನ್ನು ಎತ್ತಿ ಹಿಡಿದೇ ಇರುವ ಲೆವೆಲ್ ಬಗೆಯ ಇಂಟರಪ್ಟ್ ಆಗಿದ್ದರೆ ಚಿಂತೆಯಿಲ್ಲ; ಯಾರಾದರೂ ಬಂದು ವಿಚಾರಿಸುವವರೆಗೆ ಆ ಕರೆ ನಿಲ್ಲುವುದಿಲ್ಲ. ಎಡ್ಜ್ ಬಗೆಯದು ಹಾಗಲ್ಲ. ಅದು ಒಮ್ಮೆ ಮಿಡಿದು ಸುಮ್ಮನಾಗುತ್ತದೆ. ಎಂಎಸ್‌ಐ ಸಂದೇಶಗಳೂ ಇದೇ ಸ್ವಭಾವದವು. ಅಲ್ಲಿ ಕಳೆದರೆ ಕಳೆಯಿತು.

ಮೊದಲ ವರ್ಷಗಳಲ್ಲಿ ಕರ್ನಲ್ ಇದಕ್ಕೆ ಕಂಡುಕೊಂಡಿದ್ದ ಉಪಾಯ ನೇರವಾಗಿತ್ತು. ಎಲ್ಲವನ್ನೂ ಒಪ್ಪಿಸಿದ ಮೇಲೆ, ಹೊರಡುವ ಪ್ರೊಸೆಸರಿನಲ್ಲಿ ಒಂದು ಮಿಲಿಸೆಕೆಂಡ್ ಕಾಲ ಇಂಟರಪ್ಟ್‌ಗಳಿಗೆ ಬಾಗಿಲು ತೆರೆದು, ದಾರಿಯಲ್ಲಿದ್ದವನ್ನೆಲ್ಲ ಒಳಬಿಟ್ಟುಕೊಂಡು ಮತ್ತೆ ಮುಚ್ಚುವುದು. ಆದರೆ ಹಾಜರಿ ಪಟ್ಟಿಯಿಂದ ಹೆಸರು ಅಳಿದ ಪ್ರೊಸೆಸರ್ ಇಂಟರಪ್ಟ್ ನಿರ್ವಹಿಸುವುದು ಅಪಾಯದ ಸಂಗತಿ; ತಾನು ಹಾಜರಿರುವ ಪ್ರೊಸೆಸರಿನಲ್ಲೇ ಓಡುತ್ತಿದ್ದೇನೆಂದು ಸಾಧನವನ್ನು ನಡೆಸುವ ಡ್ರೈವರ್ ಪ್ರೋಗ್ರಾಂ ನಂಬಿರುತ್ತದೆ. 2009–10ರ ಹೊತ್ತಿಗೆ ಈ ಕ್ರಮ ಬದಲಾಯಿತು. ಒಂದು ಮಿಲಿಸೆಕೆಂಡಿನ ಕಾಯುವಿಕೆ ಉಳಿಯಿತು, ಬಾಗಿಲು ಮಾತ್ರ ಮುಚ್ಚಿಯೇ ಇದ್ದಿತು. ಸ್ಥಳೀಯ ಎಪಿಕ್‌ನಲ್ಲಿ ಬಂದು ಕಾದಿರುವ ಇಂಟರಪ್ಟ್‌ಗಳನ್ನು ಗುರುತಿಟ್ಟುಕೊಳ್ಳುವ ಐಆರ್‌ಆರ್ ಎಂಬ ರಿಜಿಸ್ಟರಿದೆ. 256 ವೆಕ್ಟರ್‌ಗಳಿಗೆ ಒಂದೊಂದು ಬಿಟ್. ಕಾದ ನಂತರ ಕರ್ನಲ್ ಈ ರಿಜಿಸ್ಟರನ್ನು ಓದುತ್ತದೆ. ಯಾವ ವೆಕ್ಟರಿನ ಬಿಟ್ ಎದ್ದಿದೆಯೋ ಆ ಇಂಟರಪ್ಟನ್ನು ಅದರ ಹೊಸ ಒಡೆಯನಲ್ಲಿ ಮತ್ತೆ ಎಬ್ಬಿಸುತ್ತದೆ. ಹಳೆಯ ಪ್ರೊಸೆಸರ್ ಅದನ್ನು ನಿರ್ವಹಿಸುವುದಿಲ್ಲ, ಕಳೆಯುವುದೂ ಇಲ್ಲ; ಮುಂದಕ್ಕೆ ದಾಟಿಸುತ್ತದೆ.

ಲ್ಯಾಪ್‌ಟಾಪ್‌ಗಳ ಪಾಲಿಗೂ, ಆಮೇಲೆ ಇಕ್ಕಟ್ಟು

ದೊಡ್ಡ ಸರ್ವರ್‌ಗಳಿಗೆಂದು ಹುಟ್ಟಿದ ಈ ವ್ಯವಸ್ಥೆ ಬಲುಬೇಗ ಮನೆಮನೆಯ ಯಂತ್ರಗಳಿಗೂ ಬಂತು. ಲಿನಕ್ಸ್ ಲ್ಯಾಪ್‌ಟಾಪ್ ಆಳವಾದ ನಿದ್ರೆಗೆ ಹೋಗುವಾಗ ಮೊದಲ ಪ್ರೊಸೆಸರ್ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಇದೇ ದಾರಿಯಲ್ಲಿ ಆಫ್‌ಲೈನ್ ಮಾಡಲಾಗುತ್ತದೆ. ಎಆರ್‌ಎಂ ಪ್ರೊಸೆಸರಿನ ಮೊಬೈಲ್ ಫೋನುಗಳಲ್ಲೂ ಬ್ಯಾಟರಿ ಉಳಿಸಲು ಪ್ರೊಸೆಸರುಗಳನ್ನು ಪದೇಪದೇ ಹೊರಗೆ ಕಳಿಸಿ ಒಳಗೆ ಕರೆಯುವ ಪದ್ಧತಿ ಕೆಲಕಾಲ ನಡೆಯಿತು. ಅಪರೂಪಕ್ಕೆ ನಡೆಯಬೇಕಿದ್ದ ಹಸ್ತಾಂತರ ದಿನಕ್ಕೆ ಹತ್ತಾರು ಬಾರಿ ನಡೆಯುವಂತಾದಾಗ ಅದರ ಸಣ್ಣ ಬಿರುಕುಗಳೂ ಕಣ್ಣಿಗೆ ಬಿದ್ದವು.

ಮೊದಲ ಬಿರುಕು ಜಾಗದ್ದು. ಎಕ್ಸ್86 ಪ್ರೊಸೆಸರೊಂದಕ್ಕೆ ಇರುವುದು 256 ವೆಕ್ಟರ್‌ಗಳು. ಮೊದಲ 32 ಪ್ರೊಸೆಸರಿನ ಸ್ವಂತ ದೋಷಸೂಚನೆಗಳಿಗೆ ಮೀಸಲು. ಕೊನೆಯ ಭಾಗದ ಕೆಲವನ್ನು ಕರ್ನಲ್ ತನಗಾಗಿ ಇಟ್ಟುಕೊಳ್ಳುತ್ತದೆ. ಸಾಧನಗಳಿಗೆ ಉಳಿಯುವುದು ಸುಮಾರು 200. 64 ಪ್ರೊಸೆಸರುಗಳ ಸರ್ವರಿನಲ್ಲಿ ಪ್ರತಿ ಪ್ರೊಸೆಸರಿಗೊಂದರಂತೆ ಇಂಟರಪ್ಟ್ ಪಡೆಯುವ ನಾಲ್ಕು ಸಾಧನಗಳಿವೆ ಎಂದುಕೊಂಡರೆ ಒಟ್ಟು 256 ಇಂಟರಪ್ಟ್‌ಗಳಾದವು. ಎಲ್ಲರೂ ಹಾಜರಿರುವಾಗ ಒಬ್ಬೊಬ್ಬರ ಪಾಲಿಗೆ ನಾಲ್ಕೇ ನಾಲ್ಕು. ಹೈಬರ್ನೇಷನ್‌ಗಾಗಿ, ಅಂದರೆ ಮೆಮೊರಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುವ ನಿದ್ರೆಗಾಗಿ, 63 ಪ್ರೊಸೆಸರುಗಳು ಹೊರಟಾಗ ಅಷ್ಟೂ ಇಂಟರಪ್ಟ್‌ಗಳು ಉಳಿದ ಒಂದರ ಮೇಲೆ ಬೀಳುತ್ತವೆ, ಅಲ್ಲಿ ಜಾಗ ಸಾಲುವುದಿಲ್ಲ. 2014ರಲ್ಲಿ ಕರ್ನಲ್ಲಿಗೆ ಒಂದು ತಪಾಸಣೆ ಸೇರಿತು: ಹೊರಡುವ ಪ್ರೊಸೆಸರಿನ ವೆಕ್ಟರ್‌ಗಳಿಗೆ ಉಳಿದವರಲ್ಲಿ ಜಾಗವಿದೆಯೇ ಎಂದು ಮೊದಲು ಎಣಿಸಿ ನೋಡುವುದು, ಇಲ್ಲದಿದ್ದರೆ ಹೊರಡಲು ಅನುಮತಿಯನ್ನೇ ನಿರಾಕರಿಸುವುದು. ಇದರಿಂದ ಇಂಟರಪ್ಟ್ ಉಳಿಯಿತು, ಆದರೆ ಹೈಬರ್ನೇಷನ್ ಆಗದ ಯಂತ್ರ ಹಾಗೆಯೇ ಉಳಿಯಿತು.

ಮೊದಲೇ ಗೊತ್ತಾದ ಹೊಣೆ

ಇಕ್ಕಟ್ಟಿನ ಮೂಲ ಇದ್ದದ್ದು ಬೇರೆ ಕಡೆ. ಎನ್‌ವಿಎಂಇ ಡಿಸ್ಕ್‌ಗಳಂಥ ಹೊಸ ಸಾಧನಗಳು ಪ್ರತಿ ಪ್ರೊಸೆಸರಿಗೂ ಪ್ರತ್ಯೇಕ ಸರದಿಯನ್ನೂ ಆ ಸರದಿಗೊಂದು ಇಂಟರಪ್ಟನ್ನೂ ಇಟ್ಟುಕೊಂಡಿರುತ್ತವೆ. ಏಳನೆಯ ಪ್ರೊಸೆಸರೇ ಇಲ್ಲದಾಗ ಏಳನೆಯ ಸರದಿಗೆ ಹೊಸ ಕೆಲಸ ಬರುವುದಿಲ್ಲ. ಅದರ ಇಂಟರಪ್ಟನ್ನು ಬೇರೆಯವರ ತಲೆಗೆ ಕಟ್ಟುವ ಅಗತ್ಯವೇ ಇರಲಿಲ್ಲ.

ಈ ತಿಳಿವಳಿಕೆಯಿಂದ ಹುಟ್ಟಿದ್ದು ಮ್ಯಾನೇಜ್ಡ್ ಇಂಟರಪ್ಟ್ ಎಂಬ ಹೊಸ ಬಗೆ. ಕ್ರಿಸ್ಟೋಫ್ ಹೆಲ್ವಿಗ್ ಮತ್ತು ಥಾಮಸ್ ಗ್ಲೈಕ್ಸ್‌ನರ್ ಅವರ ಕೆಲಸದಿಂದ 2016ರ 4.8 ಆವೃತ್ತಿಯಲ್ಲಿ ಇದಕ್ಕೆ ತಳಪಾಯ ಬಿತ್ತು. ಇಂಥ ಇಂಟರಪ್ಟ್‌ಗಳನ್ನು ಯಾವ ಪ್ರೊಸೆಸರುಗಳಿಗೆ ಹಂಚಬೇಕೆಂದು ಕರ್ನಲ್ಲೇ ಆರಂಭದಲ್ಲಿ ತೀರ್ಮಾನಿಸುತ್ತದೆ. ಬಳಕೆದಾರರಾಗಲಿ ಐಆರ್‌ಕ್ಯೂ ಬ್ಯಾಲೆನ್ಸ್ ಆಗಲಿ ಅದನ್ನು ಬದಲಿಸಲಾಗದು. 2017ರ 4.13ರಲ್ಲಿ ಮುಂದಿನ ಹೆಜ್ಜೆ: ನಿಗದಿಯಾದ ಪ್ರೊಸೆಸರುಗಳಲ್ಲಿ ಕೊನೆಯದೂ ಹೊರಟಾಗ ಆ ಇಂಟರಪ್ಟನ್ನು ಬೇರೆಡೆಗೆ ಸಾಗಿಸದೆ ಮುಚ್ಚಿಬಿಡುವುದು, ಅವುಗಳಲ್ಲಿ ಯಾವುದಾದರೂ ಮರಳಿದಾಗ ಮತ್ತೆ ತೆರೆಯುವುದು. 2018ರ ಜನವರಿಯ 4.15ರಲ್ಲಿ ಗ್ಲೈಕ್ಸ್‌ನರ್ ವೆಕ್ಟರ್ ಹಂಚಿಕೆಯನ್ನೇ ಹೊಸದಾಗಿ ಬರೆದರು. ಮ್ಯಾನೇಜ್ಡ್ ಇಂಟರಪ್ಟ್‌ಗಳಿಗೆ ಅವುಗಳ ಪ್ರೊಸೆಸರುಗಳಲ್ಲಿ ಜಾಗ ಮೊದಲೇ ಕಾದಿರಿಸಲ್ಪಟ್ಟಿತು; ಉಳಿದವುಗಳಿಗೆ ನಿಜವಾಗಿ ಬಳಕೆ ಶುರುವಾದಾಗ ಮಾತ್ರ ವೆಕ್ಟರ್ ಸಿಗುವಂತಾಯಿತು. ನೂರಾರು ಇಂಟರಪ್ಟ್‌ಗಳು ಒಂದೇ ಪ್ರೊಸೆಸರಿನ ಮೇಲೆ ಮುಗಿಬೀಳುವ ಪ್ರಸಂಗ ಇದರಿಂದ ತಪ್ಪಿತು.

ಮುಚ್ಚುವುದರಲ್ಲಿಯೂ ಒಂದು ಅಪಾಯವಿತ್ತು. ಹೊಸ ಕೆಲಸ ಬರದಿದ್ದರೂ ಆಗಲೇ ಡಿಸ್ಕಿಗೆ ಒಪ್ಪಿಸಿದ ಕೆಲಸ ಮುಗಿದಿರದೆ ಇರಬಹುದು. ಮುಗಿದಾಗ ಅದರ ಸುದ್ದಿ ತರಬೇಕಾದ ಇಂಟರಪ್ಟೇ ಮುಚ್ಚಿಹೋಗಿರುತ್ತದೆ. 2020ರ 5.8 ಆವೃತ್ತಿಯಲ್ಲಿ ಡಿಸ್ಕ್ ಸರದಿಗಳನ್ನು ನೋಡಿಕೊಳ್ಳುವ ಬಿಎಲ್‌ಕೆ-ಎಂಕ್ಯೂ ವಿಭಾಗಕ್ಕೆ ಇದರ ಹೊಣೆ ಬಂತು. ಸರದಿಯ ಕೊನೆಯ ಪ್ರೊಸೆಸರ್ ಹೊರಡುವ ಮುನ್ನ ಅದು ಹೊಸ ಕೆಲಸವನ್ನು ತಡೆಹಿಡಿದು, ಒಪ್ಪಿಸಿದ ಕೆಲಸವೆಲ್ಲ ಮುಗಿಯುವವರೆಗೆ ಕಾಯುತ್ತದೆ.

ಇಂಥ ಕಾಯುವಿಕೆ ಸಾಧ್ಯವಾದದ್ದು ಇನ್ನೊಂದು ಸುಧಾರಣೆಯಿಂದ. ಹಿಂದೆ ಪ್ರೊಸೆಸರ್ ಹೊರಡುವ ಸೂಚನೆ ಕರ್ನಲ್ಲಿನ ವಿಭಾಗಗಳಿಗೆ ಹೋಗುತ್ತಿದ್ದ ಕ್ರಮ ಗೊಂದಲದ್ದಾಗಿತ್ತು. ಒಳಗೆ ಬರುವ ಕ್ರಮಕ್ಕೂ ಹೊರಗೆ ಹೋಗುವ ಕ್ರಮಕ್ಕೂ ಹೊಂದಿಕೆ ಇರಲಿಲ್ಲ. 2016ರಲ್ಲಿ ಶುರುವಾಗಿ 2017ರ ಆರಂಭದ 4.10ರಲ್ಲಿ ಮುಗಿದ ಬದಲಾವಣೆ ಇದನ್ನು ಮೆಟ್ಟಿಲುಗಳ ಸಾಲನ್ನಾಗಿ ಮಾಡಿತು. ಏರಿದ ಮೆಟ್ಟಿಲುಗಳನ್ನೇ ತಿರುಗುಮುರುಗಾಗಿ ಇಳಿಯಬೇಕು. ನಡುವೆ ಯಾವ ಮೆಟ್ಟಿಲಲ್ಲಿ ಅಡ್ಡಿಯಾದರೂ ಬಂದ ದಾರಿಯಲ್ಲೇ ಹಿಂದಿರುಗಬಹುದು.

ಅರ್ಧ ಬರೆದ ವಿಳಾಸ

ಇಷ್ಟಾದ ಮೇಲೂ ಉಳಿದಿದ್ದ ಒಂದು ಸೂಕ್ಷ್ಮ ದೋಷ ಬೆಳಕಿಗೆ ಬಂದದ್ದು ಪ್ರೊಸೆಸರುಗಳನ್ನು ಹೊರಗೆ ಕಳಿಸಿ ಒಳಗೆ ಕರೆಯುವ ಸಂದರ್ಭದಲ್ಲೇ. ಎಂಎಸ್‌ಐ ಸಾಧನದಲ್ಲಿ ವಿಳಾಸವೂ ವೆಕ್ಟರ್ ಸಂಖ್ಯೆಯೂ ಬೇರೆ ಬೇರೆ ರಿಜಿಸ್ಟರುಗಳಲ್ಲಿರುತ್ತವೆ. ಅವನ್ನು ಒಂದೇ ಏಟಿಗೆ ಬರೆಯಲಾಗದು. ಎರಡೋ ಮೂರೋ ಬರಹಗಳು ಬೇಕು. ಬರೆಯುವಾಗ ಸಾಧನದ ಬಾಯಿ ಮುಚ್ಚಿಸಬೇಕು, ಆದರೆ ಎಂಎಸ್‌ಐನಲ್ಲಿ ಆ ಸೌಲಭ್ಯ ಐಚ್ಛಿಕ, ಕೆಲವು ಸಾಧನಗಳಲ್ಲಿ ಅದು ಇರುವುದಿಲ್ಲ. ಎರಡು ಬರಹಗಳ ನಡುವಿನ ಕಿರಿದಾದ ಸಂದಿಯಲ್ಲಿ ಅಂಥ ಸಾಧನ ಕರೆ ಕಳಿಸಿದರೆ, ಸಂದೇಶದಲ್ಲಿ ಹೊಸ ಪ್ರೊಸೆಸರಿನ ವಿಳಾಸವೂ ಹಳೆಯ ವೆಕ್ಟರ್ ಸಂಖ್ಯೆಯೂ ಬೆರೆತಿರುತ್ತವೆ. ಅದು ತಲುಪಿದ ಜಾಗದಲ್ಲಿ ಆ ಸಂಖ್ಯೆಯ ಗುರುತು ಯಾರಿಗೂ ಇರುವುದಿಲ್ಲ.

2020ರ 5.6 ಆವೃತ್ತಿಯಲ್ಲಿ ಬಂದ ಪರಿಹಾರ ಕೆಲಸವನ್ನು ಎರಡಾಗಿ ಒಡೆಯಿತು. ಮೊದಲು ವಿಳಾಸವನ್ನು ಹಾಗೆಯೇ ಬಿಟ್ಟು ವೆಕ್ಟರ್ ಸಂಖ್ಯೆಯನ್ನು ಮಾತ್ರ ಬದಲಿಸುವುದು. ಆಮೇಲೆ ಸಂಖ್ಯೆಯನ್ನು ಹಾಗೆಯೇ ಬಿಟ್ಟು ವಿಳಾಸವನ್ನು ಮಾತ್ರ ಬದಲಿಸುವುದು. ಪ್ರತಿ ಹೆಜ್ಜೆಯಲ್ಲೂ ಬದಲಾಗುವುದು ಒಂದೇ ಆದ್ದರಿಂದ ನಡುವೆ ಕರೆ ಬಂದರೂ ಅದು ಅರ್ಥವಾಗುವ ಜಾಗಕ್ಕೇ ಸೇರುತ್ತದೆ. ಕೊನೆಯಲ್ಲಿ ಹಳೆಯ ಪ್ರೊಸೆಸರಿನ ಐಆರ್‌ಆರ್ ಓದಿ, ಅಲ್ಲಿ ಉಳಿದದ್ದಿದ್ದರೆ ಹೊಸದರಲ್ಲಿ ಮತ್ತೆ ಎಬ್ಬಿಸುವುದು. ಒಂದು ದಶಕದ ಹಿಂದಿನ ಉಪಾಯವೇ ಇಲ್ಲಿ ಮತ್ತೆ ಕೈಹಿಡಿಯಿತು.

ಹೊರಡಲಾಗದ ಮೊದಲಿಗ

ಎಲ್ಲ ಪ್ರೊಸೆಸರುಗಳಿಗೂ ಈ ವಿದ್ಯೆ ಹೊಂದುತ್ತದೆಯೇ ಎಂಬ ಪ್ರಶ್ನೆಗೂ ಕಾಲ ಉತ್ತರ ಕೊಟ್ಟಿದೆ. ಎಕ್ಸ್86 ಯಂತ್ರವನ್ನು ಎಬ್ಬಿಸುವ ಮೊದಲ ಪ್ರೊಸೆಸರ್ ಬಹುಕಾಲ ಕದಲದೆ ಉಳಿದಿತ್ತು. ನಿದ್ರೆಯಿಂದ ಏಳುವಾಗ ಯಂತ್ರ ಅದನ್ನೇ ನೆಚ್ಚಿರುತ್ತದೆ. 8259ರ ಕಾಲದ ಇಂಟರಪ್ಟ್‌ಗಳಿಗೂ ಅದೇ ಬೇಕು. 2013ರ 3.8 ಆವೃತ್ತಿಯಲ್ಲಿ ಅದನ್ನೂ ಆಫ್‌ಲೈನ್ ಮಾಡುವ ಆಯ್ಕೆ ಬಂತು. ಆದರೆ ಈ ಅವಲಂಬನೆಗಳು ಹಾಗೆಯೇ ಉಳಿದವು, ಆಯ್ಕೆಗೆ ನಿಜವಾದ ಬಳಕೆ ಸಿಗಲಿಲ್ಲ. 2023ರ 6.5ರಲ್ಲಿ ಅದನ್ನು ತೆಗೆದುಹಾಕಲಾಯಿತು.

ಹೀಗೆ ಇಂದು ಲಿನಕ್ಸ್‌ನಲ್ಲಿ ಪ್ರೊಸೆಸರ್ ಹೊರಡುವಾಗ ಅದರ ಇಂಟರಪ್ಟ್‌ಗಳಿಗೆ ಮೂರು ಗತಿಗಳಿವೆ. ಪ್ರೊಸೆಸರಿನ ಸ್ವಂತ ಟೈಮರಿನಂಥವು ಅದರೊಡನೆಯೇ ನಿಲ್ಲುತ್ತವೆ. ಮ್ಯಾನೇಜ್ಡ್ ಬಗೆಯವು ತಮ್ಮ ಪಾಲಿನ ಪ್ರೊಸೆಸರುಗಳಲ್ಲಿ ಒಂದಾದರೂ ಉಳಿದಿರುವವರೆಗೆ ನಡೆದು, ಕೊನೆಯದೂ ಹೊರಟಾಗ ಮುಚ್ಚಿಕೊಳ್ಳುತ್ತವೆ. ಉಳಿದ ಎಲ್ಲವೂ, ನಿರ್ವಾಹಕರ ನಮೂದನ್ನು ಮೀರಿಯಾದರೂ ಸರಿ, ಹಾಜರಿರುವ ಇನ್ನೊಂದು ಪ್ರೊಸೆಸರಿಗೆ ಸೇರುತ್ತವೆ. ಯಾವುದು ಯಾವ ಗುಂಪಿನದೆಂಬುದು ಪ್ರೊಸೆಸರ್ ಹೊರಡುವ ದಿನಕ್ಕಿಂತ ಬಹಳ ಮೊದಲೇ, ಡ್ರೈವರ್ ತನ್ನ ಇಂಟರಪ್ಟನ್ನು ಕೇಳಿ ಪಡೆದಾಗಲೇ, ತೀರ್ಮಾನವಾಗಿರುತ್ತದೆ.